ಹನ್ನೊಂದು ತಿಂಗಳ ಬೆನ್ನುನೋವು

ಕಡಬ
4 ಫೆಬ್ರವರಿ 2024

ಯಜ್ಞೇಶ್ವರಾ,

ಲಕೋಟೆ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ನಿನ್ನ ಗುತ್ತಿಗಾರಿನ ಗುಡ್ಡದಲ್ಲಿ ಫೋನಿಗೆ ರೇಂಜ್ ಇಲ್ಲ, ನನ್ನ ಫೋನಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಂಗಡಿಯ ಬಟ್ಟೆಗಳ ಫೋಟೋ, ಆರ್ಡರು ಎಲ್ಲ ನೋಡಿಕೊಳ್ಳುವುದು ಮಗಳು ಝುಹ್ರಾ. ನಾನು ಯಾರಿಗೆ ಒಂದಕ್ಷರ ಬರೆದರೂ ಅದು ಅವಳ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಹಾಗಾಗಿ ನಮ್ಮ ಹಳೇ ದಾರಿ ಹಿಡಿದೆ. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದರೆ ಅಲ್ಲಿದ್ದ ಹೆಂಗಸು "ಅರ್ಜಿ ಹಾಕ್ಲಿಕ್ಕಾ?" ಅಂದಳು. ಕಾಗದ ಬರೆಯಲಿಕ್ಕೆ ಅಂದೆ. ನಕ್ಕಳು.

ಸೌದಿಯ ದಮ್ಮಾಮಿನ ಇಪ್ಪತ್ತೆರಡು ವರ್ಷದಲ್ಲಿ ನಾವು ಎಷ್ಟು ಕಾಗದ ಬರೆದಿದ್ದೇವೆ ಮಾರಾಯ! ಊರಿಗೆ ಹೊರಟವನ ಸೂಟ್‌ಕೇಸಿನಲ್ಲಿ ಒಂದು ಮೂಲೆ ಎಲ್ಲರ ಕಾಗದಕ್ಕೇ ಮೀಸಲು. ಕೋಣೆಯಲ್ಲಿ ನಾವು ಒಂಬತ್ತು ಮಂದಿ. ನಿನ್ನ ಕಾಗದ ಬಂತೆಂದರೆ ನಾನು ಗಟ್ಟಿಯಾಗಿ ಓದಬೇಕಿತ್ತು. ಆನೆ ನಿನ್ನ ಜೇನುಪೆಟ್ಟಿಗೆ ಮಗುಚಿ, ಸೊಂಡಿಲಿಗೆ ಕಚ್ಚಿಸಿಕೊಂಡು ಓಡಿದ್ದನ್ನು ಬರೆದಿದ್ದೆಯಲ್ಲ, ಅದನ್ನು ಮೂರು ಸಲ ಓದಿಸಿದರು. ಅಂಥ ನಗು ಆಮೇಲೆ ನಾನು ನಗಲಿಲ್ಲ.

ವಿಷಯ ಇಷ್ಟೇ. ನನಗೆ ಎರಡು ಬಾಟ್ಲಿ ಜೇನು ಬೇಕು. ಪೆಟ್ಟಿಗೆಯದ್ದು ಬೇಡ, ಮುಜಂಟಿಯೇ ಆಗಬೇಕು, ಗೋಡೆ ಸಂದಿಯಲ್ಲಿ ಗೂಡು ಕಟ್ಟುವ, ಕಚ್ಚದ ಆ ಸಣ್ಣ ಹುಳದ್ದು. ಕೆಮ್ಮು ಉಂಟು. ಹೋದ ಸಲದ ಹಾಗೆ ಬ್ರಾಂಡಿ ಬಾಟ್ಲಿಯಲ್ಲಿ ತುಂಬಿಸಿ ಕಳಿಸಬೇಡ. ಕಂಡಕ್ಟರ್ ಅದನ್ನು ಪೇಟೆ ನಡುವೆ ಎತ್ತಿ ಹಿಡಿದು "ಸಾಹೇಬ್ರೇ, ನಿಮ್ಮದು ಬಂದುಂಟು" ಅಂತ ಕೂಗಿದ. ಇಡೀ ಕಡಬಕ್ಕೆ ಕೇಳಿತು.

ನಿನ್ನ
ಹಕೀಮ್


ಗುತ್ತಿಗಾರು
13 ಫೆಬ್ರವರಿ 2024

ಪ್ರೀತಿಯ ಹಕೀಮಾ,

ನಾಲ್ಕು ವರ್ಷದ ಮೇಲೆ ಕೈಬರಹದ ಕಾಗದ ಬಂತು. ನಿನ್ನ ಅಕ್ಷರ ಈಗಲೂ ಸುಳ್ಯದ ಹಾಸ್ಟೆಲಿನಲ್ಲಿದ್ದಾಗಿನ ಹಾಗೆಯೇ ಕೆಳಕ್ಕೆ ಜಾರುತ್ತದೆ.

ಒಂದು ಗೂಡು ತೆಗೆದರೆ ಅರ್ಧ ಲೋಟ ಸಿಕ್ಕಿದರೆ ಪುಣ್ಯ, ನೀನು ಎರಡು ಬಾಟ್ಲಿ ಅನ್ನುತ್ತೀ. ಇದು ನಿನ್ನೊಬ್ಬನ ಕೆಮ್ಮೋ, ಕಡಬ ಪೇಟೆಯವರದ್ದೆಲ್ಲ ಸೇರಿಯೋ? ಇದ್ದ ಗೂಡೆಲ್ಲ ಜಾಲಾಡಿ ಒಂದು ಬಾಟ್ಲಿ ತುಂಬಿಸಿದ್ದೇನೆ. ಹಾರ್ಲಿಕ್ಸ್ ಬಾಟ್ಲಿ, ನಿನ್ನ ಮಾನಕ್ಕೆ ಕುಂದಿಲ್ಲ.

ನೀನು ವಿಮಾನ ಹತ್ತುವ ಮೊದಲು ನಾನು ಬರೆದುಕೊಟ್ಟ ನೋಟ್‌ಪುಸ್ತಕ ನೆನಪುಂಟಾ? ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿಗೆ ಎಂತ ಬರೆಯುವುದು ಅಂತ ಅಳುಮುಖ ಮಾಡಿ ಕೂತಿದ್ದೆ. ತಿಂಗಳಿಗೊಂದು ನಕಲು ಮಾಡು ಅಂತ ಹನ್ನೆರಡು ಕಾಗದ ಬರೆದುಕೊಟ್ಟೆ. ನೀನು ಜೂನ್ ತಿಂಗಳದ್ದನ್ನು ಓದಿ ನೋಡದೆ ಇಳಿಸಿ, ಮರಳುಗಾಡಿನಿಂದ ರಮ್ಲತ್‌ಗೆ "ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ" ಅಂತ ಕಳಿಸಿದೆ! ನನ್ನ ಸೀತು ಅದನ್ನು ಕೇಳಿ ನಕ್ಕದ್ದು, ನಕ್ಕು ನಕ್ಕು ಒಲೆ ಮೇಲಿನ ಹಾಲು ಉಕ್ಕಿಸಿದ್ದು ನನ್ನ ಕಣ್ಣಿನಲ್ಲೇ ಉಂಟು. ಈ ಏಪ್ರಿಲಿಗೆ ಅವಳು ತೀರಿಹೋಗಿ ನಾಲ್ಕು ವರ್ಷ. ಮನೆಯಲ್ಲಿ ಈಗ ಜೇನಿನದ್ದೊಂದೇ ಸದ್ದು.

ಕೆಮ್ಮು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸು.

ಇತಿ ನಿನ್ನ
ಯಜ್ಞೇಶ್ವರ


ಕಡಬ
20 ಮಾರ್ಚ್ 2024

ಯಜ್ಞೇಶ್ವರಾ,

ಬಾಟ್ಲಿ ಖಾಲಿಯಾಗುತ್ತಾ ಬಂತು. ಇನ್ನೊಂದು ಕಳಿಸು. ಮುಜಂಟಿ ಇಲ್ಲದಿದ್ದರೆ ಪೆಟ್ಟಿಗೆಯದ್ದಾದರೂ ಆದೀತು.

ಇದು ರಂಜಾನ್ ತಿಂಗಳು. ಈ ಸಲದ ಉಪವಾಸ ಯಾಕೋ ಮೈಗೆ ಹಿಡಿಸುತ್ತಿಲ್ಲ. ಮಧ್ಯಾಹ್ನವಾಗುವಷ್ಟರಲ್ಲಿ ನಾಲಗೆ ಅಂಗುಳಿಗೆ ಅಂಟುತ್ತದೆ. ದಮ್ಮಾಮಿನ ಬಿಸಿಲಲ್ಲೂ ನಾನು ಹೀಗೆ ಸೋತವನಲ್ಲ. ಸಂಜೆ ಉಪವಾಸ ಬಿಡುವಾಗ ಖರ್ಜೂರ, ಶರಬತ್ತು, ಅದರ ಮೇಲೆ ನಿನ್ನ ಜೇನು ಮೂರು ಚಮಚ. ಬೆಳಗಿನ ಜಾವ ಉಪವಾಸ ಹಿಡಿಯುವ ಮೊದಲು ಮೂರು. ಪ್ರಾಯ ಐವತ್ತೆರಡಾಯಿತಲ್ಲ, ಹೀಗೇ ಇರಬೇಕು.

ಬೆನ್ನುನೋವು ಅಂತ ನಾನೀಗ ಚಾವಡಿಯಲ್ಲಿ ಚಾಪೆ ಹಾಕಿ ಮಲಗುವುದು. ರಮ್ಲತ್ ದಿನಾ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾಳೆ. ಹೆಚ್ಚು ಮಾತಾಡುವುದಿಲ್ಲ.

ಹಕೀಮ್


ಗುತ್ತಿಗಾರು
28 ಮಾರ್ಚ್ 2024

ಹಕೀಮಾ,

ಜೇನು ಕಳಿಸುತ್ತಿಲ್ಲ. ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡು.

ಮುಜಂಟಿ ಕೇಳಿಕೊಂಡು ಬರುವವರಲ್ಲಿ ಎರಡು ಬಗೆ. ಮಗುವಿನ ಕೆಮ್ಮಿಗೆ ಬೇಕಾದವರು ನನ್ನ ಮುಖ ನೋಡಿ ಕೇಳುತ್ತಾರೆ, ಎರಡು ಚಮಚ ಸಾಕು ಅನ್ನುತ್ತಾರೆ. ಇನ್ನೊಂದು ಬಗೆಯವರು ಜೇನುಪೆಟ್ಟಿಗೆ ನೋಡುತ್ತಾ ಮಾತಾಡುತ್ತಾರೆ. ಹವೆ, ಬೆಳೆ, ರಸ್ತೆ ಎಲ್ಲ ಮುಗಿದ ಮೇಲೆ "ಒಂದು ಬಾಟ್ಲಿ ಉಂಟಾ? ಮನೆಯಲ್ಲಿ ಗೊತ್ತಾಗುದು ಬೇಡ" ಅನ್ನುತ್ತಾರೆ. ಗಂಡಸರಿಗೆ ಇದು ಒಳ್ಳೆಯದು ಅಂತ ನಮ್ಮ ಕಡೆ ಯಾರು ಯಾವಾಗ ಹಬ್ಬಿಸಿದರೋ, ಮೂವತ್ತು ವರ್ಷದಿಂದ ನಾನು ಇಂಥವರಿಗೆ ಜೇನು ಮಾರಿದ್ದೇನೆ, ಒಬ್ಬನೂ ಗುಣವಾಯಿತು ಅಂತ ಹೇಳಲು ಬರಲಿಲ್ಲ.

ನೀನು ಯಾವ ಬಗೆ? ನನ್ನ ಹತ್ತಿರ ನಾಚಬೇಡ. ಹಾಸ್ಟೆಲಿನ ಬಾವಿಕಟ್ಟೆಯಲ್ಲಿ ಒಂದೇ ಕೊಡದಲ್ಲಿ ಮಿಂದವರು ನಾವು.

ನಿನ್ನ
ಯಜ್ಞೇಶ್ವರ


ಕಡಬ
14 ಏಪ್ರಿಲ್ 2024

ಯಜ್ಞೇಶ್ವರಾ,

ಎರಡನೆಯ ಬಗೆ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೇಲಿನ ಎರಡು ಶಬ್ದ ಬರೆಯಲು ರಂಜಾನಿನ ಪೆರ್ನಾಳ್ ಹಬ್ಬ ಕಳೆಯಬೇಕಾಯಿತು.

ಹನ್ನೊಂದು ತಿಂಗಳಾಯಿತು. ಒಂದೇ ದಿನದಲ್ಲಿ ಆದದ್ದಲ್ಲ. ಮೊದಮೊದಲು ಒಮ್ಮೆ ಆಗುತ್ತಿತ್ತು, ಒಮ್ಮೆ ಇಲ್ಲ. ಆಯಾಸ ಅಂದುಕೊಂಡೆ. ಆಮೇಲೆ ಪೂರ್ತಿ ನಿಂತೇಹೋಯಿತು. ಮನಸ್ಸು ಹೋಗುತ್ತದೆ, ಮೈ ಏಳುವುದಿಲ್ಲ. ನಾಚಿಕೆಯಿಂದ ಬೆನ್ನುನೋವು ಅಂತ ಸುಳ್ಳು ಹೇಳಿ ಚಾಪೆ ಹೊರಗೆ ತಂದೆ. ನನ್ನ ಬೆನ್ನು ಚೆನ್ನಾಗಿಯೇ ಉಂಟು.

ಇದಕ್ಕಿಂತ ಕೆಟ್ಟದ್ದೂ ಉಂಟು. ನಮ್ಮ ಪೇಟೆಯಲ್ಲೇ ಒಬ್ಬರು ಹೋದ ವರ್ಷ ಇನ್ನೊಂದು ಮದುವೆಯಾದರು. ಅಂದಿನಿಂದ ರಮ್ಲತ್ ನನ್ನನ್ನು ಒಂದು ಥರ ನೋಡುತ್ತಿದ್ದಳು. ಹಬ್ಬದ ಮರುದಿನ ಕೇಳಿಯೇಬಿಟ್ಟಳು, "ನಿಮಗೆ ಬೇರೆ ಎಲ್ಲಿಯಾದ್ರೂ ಮನಸ್ಸು ಉಂಟಾ? ಇದ್ರೆ ಹೇಳಿ. ನಾನು ಅಜ್ಜಾವರಕ್ಕೆ, ತಾಯಿ ಮನೆಗೆ ಹೋಗ್ತೇನೆ." ನಾನು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ ಯಜ್ಞೇಶ್ವರ. ಕೈಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಇನ್ನೊಬ್ಬಳಿದ್ದಾಳೆ ಅನ್ನಿಸಿಕೊಳ್ಳುವುದೇ ಮರ್ಯಾದೆ ಅಂತ ಆ ಗಳಿಗೆಯಲ್ಲಿ ನನಗೆ ಕಂಡಿತು. ಎಂಥ ಮನುಷ್ಯ ನಾನು!

ಗಲ್ಫಿನಿಂದ ಬಂದ ಝಾಕಿರ್ ಒಂದು ಪಟ್ಟಿ ಮಾತ್ರೆ ಕೊಟ್ಟಿದ್ದಾನೆ. ಹೆಸರಿಲ್ಲ, ಮೇಲೆ ಕುದುರೆಯ ಚಿತ್ರ. "ಒಂದು ತಿಂದ್ರೆ ಸಾಕು" ಅಂದ. ಇನ್ನೂ ತಿಂದಿಲ್ಲ. ತಿಂದು ನೋಡಲಾ?

ಹಕೀಮ್


ಗುತ್ತಿಗಾರು
17 ಏಪ್ರಿಲ್ 2024, ಬಸ್ಸಿನಲ್ಲಿ ಕಳಿಸುತ್ತಿದ್ದೇನೆ

ಹಕೀಮಾ,

ಆ ಮಾತ್ರೆ ಮುಟ್ಟಬೇಡ. ಅಂಚೆಗೆ ಹಾಕಿದರೆ ತಡವಾದೀತು ಅಂತ ಈ ಲಕೋಟೆಯನ್ನು ಅಂಟಿಸಿ ಕಂಡಕ್ಟರನ ಕೈಯಲ್ಲೇ ಕೊಟ್ಟಿದ್ದೇನೆ. ಡಾಕ್ಟರು ನೋಡಿ ಬರೆದುಕೊಡುವ ಮಾತ್ರೆ ಬೇರೆ, ಹೆಸರಿಲ್ಲದ ಈ ಕುದುರೆ ಬೇರೆ. ಹೃದಯದ ಕೆಲವು ಔಷಧಿ ತಿನ್ನುವವರು ಇಂಥದ್ದನ್ನು ತಿಂದರೆ ಬಿಪಿ ಒಮ್ಮೆಲೇ ಇಳಿಯುತ್ತದಂತೆ, ಬಿದ್ದವರು ಏಳುವುದಿಲ್ಲವಂತೆ. ನಿನ್ನ ಹೃದಯ ಹೇಗುಂಟು ಅಂತ ನೀನು ಯಾವತ್ತು ನೋಡಿಸಿದ್ದೀ?

ಇನ್ನು ನನ್ನದು ಕೇಳು. ಇದನ್ನು ಯಾರಿಗೂ ಹೇಳಿಲ್ಲ.

ಆರು ವರ್ಷದ ಹಿಂದೆ ನನಗೆ ಬಿಪಿ ಮಾತ್ರೆ ಶುರುವಾಯಿತು. ಒಂದೆರಡು ತಿಂಗಳಲ್ಲಿ ನಿನ್ನ ಅವಸ್ಥೆಯೇ ನನಗೂ. ಪ್ರಾಯ ಅಂದುಕೊಂಡೆ. ನನ್ನದೇ ಜೇನು ತಿಂದೆ. ಸೀತು ಹತ್ತಿರ ಬಂದರೆ ಎದ್ದು ಪೆಟ್ಟಿಗೆ ನೋಡಲು ಹೋಗುತ್ತಿದ್ದೆ. ಒಂದು ದಿನ ಅವಳು ಅನ್ನ ಬಡಿಸುತ್ತಾ ಕೇಳಿದಳು, "ನನ್ನಿಂದ ಎಂತ ತಪ್ಪಾಯ್ತು?" ನಾನು ಸಿಡುಕಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿ ನೆಂಟರ ಹಾಗೆ ಇದ್ದೆವು. ಆಮೇಲೆ ಅವಳು ಹೋದಳು.

ಅವಳು ಹೋದ ಮರುವರ್ಷ ನಾನು ತಲೆ ತಿರುಗಿ ಬಿದ್ದು ಪುತ್ತೂರಿಗೆ ಹೋದೆ. ಅಲ್ಲಿ ಡಾಕ್ಟರು ಎಲ್ಲ ವಿಚಾರಿಸುತ್ತಾ ಇದನ್ನೂ ವಿಚಾರಿಸಿದರು. ಕೆಲವರಿಗೆ ಆ ಮಾತ್ರೆಯಿಂದ ಹೀಗೂ ಆಗುತ್ತದೆ ಅಂತ ಹೇಳಿ ಬೇರೆ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಸರಿಯಾಯಿತು. ಅವಳಿಲ್ಲದ ಮೇಲೆ ಯಾರಿಗೆ ಬೇಕಿತ್ತು ಹಕೀಮಾ? ಐದು ನಿಮಿಷದ ಮಾತು. ಅದನ್ನು ಆಡದೆ, ಅವಳು ತನ್ನಲ್ಲೇ ಏನೋ ಕಮ್ಮಿ ಅಂದುಕೊಂಡು ಸಾಯುವ ಹಾಗೆ ಮಾಡಿದೆ. ಆ ಪಾಪಕ್ಕೆ ಔಷಧಿ ಇಲ್ಲ.

ನಿನ್ನ ಬಾಯಾರಿಕೆಯ ಮಾತು ಓದಿದಾಗಲೇ ನನಗೆ ಹೊಳೆಯಬೇಕಿತ್ತು. ಪದೇ ಪದೇ ಮೂತ್ರಕ್ಕೆ ಹೋಗುತ್ತೀಯಾ? ಮೈ ಇಳಿದಿದೆಯಾ? ಕಾಲಿನ ಗಾಯ ಬೇಗ ಮಾಯುವುದಿಲ್ಲವಾ? ಹಾಗಿದ್ದರೆ ನಾಳೆಯೇ ಸಕ್ಕರೆ ಪರೀಕ್ಷೆ ಮಾಡಿಸು. ಅಲ್ಲಿವರೆಗೆ ಜೇನು ಬಂದ್. ಪುತ್ತೂರಿಗೆ ಹೋಗು. ಡಾಕ್ಟರ ಹತ್ತಿರ ನಿಜ ಹೇಳು.

ಯಜ್ಞೇಶ್ವರ


ಕಡಬ
8 ಮೇ 2024

ಯಜ್ಞೇಶ್ವರಾ,

ಹೋಗಿದ್ದೆ. ಎರಡು ಸಲ.

ಮೊದಲ ಸಲ ಚೀಟಿ ಮಾಡಿಸಿ ಒಳಗೆ ಹೋದರೆ ಡಾಕ್ಟರು ಹೆಂಗಸು. ನವ್ಯಾ ಅಂತ ಹೆಸರು, ನಮ್ಮ ಝುಹ್ರಾಳ ಪ್ರಾಯ. "ಎಂತ ತೊಂದರೆ?" ಅಂತ ಕೇಳಿದರು. ನನ್ನ ಬಾಯಿಗೆ ಬಂದದ್ದು ಬೆನ್ನುನೋವು! ಬಗ್ಗಿಸಿದರು, ನಿಲ್ಲಿಸಿದರು, ಕಾಲು ಎತ್ತಿಸಿದರು. ಒಂದು ಮುಲಾಮು ಹಿಡಿದುಕೊಂಡು ಬಸ್ಸು ಹತ್ತಿದೆ. ನಗಬೇಡ.

ಮನೆಗೆ ಬಂದರೆ ರಮ್ಲತ್ ಇಲ್ಲ. ತಾಯಿಗೆ ಹುಷಾರಿಲ್ಲ ಅಂತ ಮಗಳ ಹತ್ತಿರ ಹೇಳಿ ಅಜ್ಜಾವರಕ್ಕೆ ಹೋಗಿದ್ದಾಳೆ. ತಾಯಿ ಗಟ್ಟಿಮುಟ್ಟಾಗಿದ್ದಾರೆ ಅಂತ ನನಗೂ ಗೊತ್ತು, ಝುಹ್ರಾಳಿಗೂ ಗೊತ್ತು. ಕಪಾಟಿನಲ್ಲಿ ಅವಳ ಸೀರೆ ಅರ್ಧಕ್ಕರ್ಧ ಇಲ್ಲ. ಆ ಖಾಲಿ ಜಾಗ ನೋಡಿದವನು ಮರುದಿನವೇ ಪುನಃ ಪುತ್ತೂರಿಗೆ ಹೋದೆ.

ಈ ಸಲ ಕೂತ ಕೂಡಲೇ ನೆಲ ನೋಡಿಕೊಂಡು ಹೇಳಿದೆ, "ಡಾಕ್ಟ್ರೇ, ನಿನ್ನೆ ಹೇಳಿದ್ದು ಸುಳ್ಳು." ಅವರು ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ನೆಗಡಿಯ ವಿಷಯ ಕೇಳಿದ ಹಾಗೆ ಒಂದೊಂದೇ ಕೇಳಿದರು. ಯಾವಾಗಿನಿಂದ, ನಿಧಾನಕ್ಕೆ ಆದದ್ದಾ ಒಮ್ಮೆಲೇ ಆದದ್ದಾ, ಬೆಳಗ್ಗೆ ಏಳುವಾಗಲೂ ಹಾಗೆಯಾ, ಬೀಡಿ ಸಿಗರೇಟು ಉಂಟಾ, ಮನಸ್ಸಿಗೆ ಚಿಂತೆ ಉಂಟಾ, ನಡೆಯುವಾಗ ಎದೆ ಹಿಡಿಯುತ್ತದಾ. ರಕ್ತ ತೆಗೆದರು, ಇಸಿಜಿ ಮಾಡಿದರು.

ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಇನ್ನೂರ ಅರವತ್ತೆಂಟು. ಎಷ್ಟು ಸಮಯದಿಂದ ಒಳಗೆ ಕೂತಿತ್ತೋ. ಅವರು ಹೇಳಿದ್ದು ಹೀಗೆ: "ಆ ಭಾಗದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು. ಹಾಳಾಗುದು ಮೊದಲು ಅಲ್ಲಿ ಕಾಣ್ತದೆ. ಒಂದೆರಡು ಸಲ ಆದ್ರೆ ಯಾರಿಗೂ ಆಗ್ತದೆ. ಎರಡು ಮೂರು ತಿಂಗಳಾದ್ರೂ ಸರಿಯಾಗದಿದ್ರೆ ಬಂದು ತೋರಿಸ್ಬೇಕು. ನೀವು ಒಂದು ವರ್ಷ ಕಳೆದು ಬಂದದ್ದು. ಕೆಲವರು ಎದೆನೋವು ಬಂದ ಮೇಲೆ ಬರ್ತಾರೆ." ನನ್ನ ಹೃದಯ ಸದ್ಯಕ್ಕೆ ಸರಿ ಉಂಟು, ಅಲ್ಹಮ್ದುಲಿಲ್ಲಾಹ್. ಸಕ್ಕರೆ ಹತೋಟಿಗೆ ಬರಲಿ, ಆಮೇಲೆ ಇದಕ್ಕೂ ಮಾತ್ರೆ ಉಂಟು, ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಅಂತ ಮಾತು ಕೊಡುವುದಿಲ್ಲ ಅಂದರು. ಝಾಕಿರನ ಪಟ್ಟಿಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ.

ದಿನಕ್ಕೆ ಆರು ಚಮಚ ಜೇನು ಅಂದಾಗ ಮಾತ್ರ ಅವರು ಪೆನ್ನು ಕೆಳಗಿಟ್ಟರು.

ಯಜ್ಞೇಶ್ವರಾ, ಒಂದು ಉಪಕಾರ ಮಾಡು. ರಮ್ಲತ್‌ಗೆ ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದಾಗದು. ಅವಳು ಫೋನ್ ಎತ್ತುವುದಿಲ್ಲ. ಮೊದಲಿನ ಹಾಗೆ ನೀನೇ ಒಂದು ಕಾಗದ ಬರೆದುಕೊಡು, ನಾನು ನಕಲು ಮಾಡಿ ಕಳಿಸುತ್ತೇನೆ.

ಹಕೀಮ್


ಗುತ್ತಿಗಾರು
13 ಮೇ 2024

ಹಕೀಮಾ,

ಬರೆದುಕೊಡುವುದಿಲ್ಲ.

ನಿನ್ನ ಸಕ್ಕರೆಗೆ ನನ್ನ ಜೇನು ಸುರಿದೆನಲ್ಲ ಅಂತ ಎರಡು ದಿನ ಊಟ ಸೇರಲಿಲ್ಲ. ಸ್ನೇಹಿತ ಕೇಳಿದ ಅಂತ ಕಣ್ಣುಮುಚ್ಚಿ ಕಳಿಸಿದೆ. ಇನ್ನು ಬಾಟ್ಲಿಗಟ್ಟಲೆ ಕೇಳುವವರನ್ನು ಕೂರಿಸಿ ಮೊದಲು ರಕ್ತಪರೀಕ್ಷೆ ಆಗಿದೆಯಾ ಅಂತ ಕೇಳುತ್ತೇನೆ. ನಿನ್ನೆ ಒಬ್ಬ ಸಿಟ್ಟಿನಲ್ಲಿ ಎದ್ದು ಹೋದ. ಹೋಗಲಿ.

ಆ ಹನ್ನೆರಡು ಕಾಗದವನ್ನು ನಾನು ಚಂದ ಬರೆಯುವ ಹಟಕ್ಕೆ ಬರೆದದ್ದು. ಈ ಒಂದು ಕಾಗದ ಚಂದ ಇರಬಾರದು. ನೀನು ಹೇಗೆ ತೊದಲುತ್ತೀಯೋ ಹಾಗೆಯೇ ಬರೆ. ನನಗೆ ಹೇಳಲು ಹೆಂಡತಿ ಇಲ್ಲ. ನಿನಗೆ ಸುಳ್ಯದ ಪಕ್ಕದ ಅಜ್ಜಾವರದಲ್ಲೇ ಇದ್ದಾಳೆ, ಅಂಚೆ ಎರಡು ದಿನದಲ್ಲಿ ಮುಟ್ಟುತ್ತದೆ.

ನಿನ್ನ
ಯಜ್ಞೇಶ್ವರ


ಕಡಬ
20 ಮೇ 2024

ರಮ್ಲತ್,

ಅಸ್ಸಲಾಮು ಅಲೈಕುಂ. ಇದನ್ನು ನಾನೇ ಬರೆಯುವುದು. ಒಬ್ಬಳೇ ಇರುವಾಗ ಓದು.

ನನಗೆ ಬೇರೆ ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ನೀನು ಕೇಳಿದಾಗ ಇಲ್ಲ ಅನ್ನದೆ ಕೂತೆ, ಅದು ನನ್ನ ತಪ್ಪು. ಬೆನ್ನುನೋವು ಸುಳ್ಳು. ಗಂಡಸಾಗಿ ನನ್ನಿಂದ ಆಗುತ್ತಿರಲಿಲ್ಲ. ನಿನಗೆ ಗೊತ್ತಾದರೆ ನೀನು ನನ್ನನ್ನು ಕಮ್ಮಿ ಮಾಡಿ ನೋಡುತ್ತೀ ಅಂತ ಹೆದರಿಕೆಯಾಯಿತು. ಈಗ ಪುತ್ತೂರಿನ ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಅಂದಿದ್ದಾರೆ, ಅದರಿಂದಲೇ ಇದು. ಮಾತ್ರೆ ತಿನ್ನುತ್ತಿದ್ದೇನೆ. ಬೆಳಗ್ಗೆ ನಡೆಯುತ್ತೇನೆ. ಚಾಯಕ್ಕೆ ಸಕ್ಕರೆ ಇಲ್ಲ. ಜೂನ್ ಹನ್ನೊಂದು, ಮಂಗಳವಾರ ಪುನಃ ಬರಲು ಹೇಳಿದ್ದಾರೆ. ಸರಿಯಾಗಬಹುದು, ಆಗದೆಯೂ ಇರಬಹುದು.

ನೀನಿಲ್ಲದೆ ಮನೆಯಲ್ಲಿ ನನಗೆ ಉಸಿರಾಡಲು ಆಗುವುದಿಲ್ಲ.

ಹಕೀಮ್


ಅಜ್ಜಾವರ
1 ಜೂನ್ 2024

ಇವರಿಗೆ,

ವಅಲೈಕುಂ ಸಲಾಂ. ಕಾಗದ ಬಂದು ಒಂದು ವಾರವಾಯಿತು. ಮೊದಲ ಮೂರು ದಿನ ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದಿ.

ನಿಮ್ಮ ಕಾಯಿಲೆಗೆ ನನಗೆ ಸಿಟ್ಟಿಲ್ಲ. ಕಾಯಿಲೆ ಯಾರಿಗೂ ಬರುತ್ತದೆ. ನೋಯದ ಬೆನ್ನಿಗೆ ನಾನು ಹನ್ನೊಂದು ತಿಂಗಳು ಎಣ್ಣೆ ತಿಕ್ಕಿದ್ದೇನೆ. ಪ್ರತಿ ಸಂಜೆ ನನ್ನ ಕೈ ನಿಮ್ಮ ಮೈಮೇಲೆ ಇತ್ತು. ಒಂದು ದಿನವಾದರೂ ಹೇಳಬಹುದಿತ್ತು.

ನಾನು ತಲೆಗೆ ಬಣ್ಣ ಹಚ್ಚಿದೆ, ನಿಮಗೆ ಕಾಣಲಿಲ್ಲ. ತಂಗಿಯ ಹತ್ತಿರ ಕೇಳಿ ಹೊಸ ಸೆಂಟು ತರಿಸಿದೆ. ಕನ್ನಡಿ ಮುಂದೆ ನಿಂತು ಹೊಟ್ಟೆ ನೋಡಿಕೊಂಡು, ನಾನೇ ಹಾಳಾದೆ ಅಂದುಕೊಂಡೆ. ಅಂಗಡಿಗೆ ಬರುವ ಒಬ್ಬೊಬ್ಬ ಹೆಂಗಸನ್ನೂ ಇವಳಾ, ಅವಳಾ ಅಂತ ನೋಡಿದೆ. ನಮಾಜಿನಲ್ಲಿ ಕೂತು, ಹೆಸರೂ ಗೊತ್ತಿಲ್ಲದ ಒಬ್ಬಳಿಗೆ ಶಾಪ ಹಾಕಿದೆ. ಇಲ್ಲದ ಒಬ್ಬಳ ಜೊತೆ ನನ್ನನ್ನು ಬದುಕಲು ಬಿಟ್ಟಿರಲ್ಲ, ಅದಕ್ಕೆ ನನ್ನ ಸಿಟ್ಟು.

ನಾನು ಕಮ್ಮಿ ಮಾಡಿ ನೋಡುತ್ತೇನೆ ಅಂತ ಬರೆದಿದ್ದೀರಿ. ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ಇದ್ದಿರಿ. ಊರಿಗೆ ಬಂದದ್ದು ಹತ್ತು ಸಲ, ಸಲಕ್ಕೆ ಎರಡು ತಿಂಗಳು. ಉಳಿದದ್ದೆಲ್ಲ ನಾನು ಒಬ್ಬಳೇ ಮಲಗಿದ್ದೇನೆ. ನನಗೆ ಆಸೆ ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ಈಗಲೂ ಉಂಟು. ಆದರೆ ಅಷ್ಟು ವರ್ಷ ಕಾದು ಕೂತದ್ದು ಅದೊಂದಕ್ಕೇ ಅಂತ ನೀವು ತಿಳಿದಿದ್ದರೆ, ಮೂವತ್ತು ವರ್ಷದಲ್ಲಿ ನಿಮಗೆ ನನ್ನ ಪರಿಚಯವೇ ಆಗಲಿಲ್ಲ. ನೀವು ಊರಿಗೆ ಬಂದು ನಿಂತ ಮೇಲೆ ಪಕ್ಕದಲ್ಲಿ ನಿಮ್ಮ ಗೊರಕೆ ಕೇಳಿ ನಾನು ಎಷ್ಟು ಖುಷಿಯಲ್ಲಿ ನಿದ್ದೆ ಮಾಡಿದ್ದೇನೆ, ಗೊತ್ತಾ? ನೀವು ಚಾಪೆಯ ಜೊತೆ ಅದನ್ನೂ ಹೊರಗೆ ತೆಗೆದುಕೊಂಡು ಹೋದಿರಿ.

ಮಂಗಳವಾರ ಒಂಬತ್ತು ಗಂಟೆಗೆ ನಾನು ಪುತ್ತೂರು ಬಸ್‌ ನಿಲ್ದಾಣದಲ್ಲಿ ಇರುತ್ತೇನೆ. ಡಾಕ್ಟರ ಕೋಣೆಗೆ ನಾನೂ ಬರುತ್ತೇನೆ. ಹೊರಗೆ ಕೂರು ಅಂದರೆ ಕೂರುವುದಿಲ್ಲ. ಅವರು ಕೇಳಿದ್ದಕ್ಕೆಲ್ಲ ನೀವು ನನ್ನ ಎದುರಿನಲ್ಲೇ ಉತ್ತರ ಕೊಡಬೇಕು, ನೆಲ ನೋಡಿಕೊಂಡು ಅಲ್ಲ.

ಅಲ್ಲಿಂದ ನಾನು ಸುಳ್ಯದ ಬಸ್ಸು ಹತ್ತುವುದೋ ಕಡಬದ್ದು ಹತ್ತುವುದೋ, ನೀವು ಮಾತಾಡಿದ್ದು ಕೇಳಿದ ಮೇಲೆ ಹೇಳುತ್ತೇನೆ.

ರಮ್ಲತ್